ಮುರ್ಗಾನನ ತಾಯಿಯ ಹೆಸರು ನಿಮ್ಮ ಕಪಾಟಿನಲ್ಲಿದೆ

ಹಳೆಯ ಜನಗಣತಿ ದಫ್ತರಗಳ ಕೀಲಿಕೈ ಇಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ನನ್ನ ಮುತ್ತಜ್ಜನ ತಾಯಿಯ ಹೆಸರು ನಿಮ್ಮಲ್ಲಿದೆ. ಕೇಳಿದರೆ ಕೊಡುತ್ತಿಲ್ಲ. ದೂರು ಇಷ್ಟೇ. ಇಷ್ಟಕ್ಕೆ ಪತ್ರಿಕೆಯ ಜಾಗ ಯಾಕೆ ಹಾಳುಮಾಡಬೇಕು ಎಂದು ತಾವು ಕೇಳಬಹುದು. ನನ್ನ ಅರ್ಜಿಗಳಲ್ಲಿ ಒಂದಕ್ಕಾದರೂ ಉತ್ತರ ಬಂದಿದ್ದರೆ ಈ ತೊಂದರೆ ಪತ್ರಿಕೆಗೂ ಇರುತ್ತಿರಲಿಲ್ಲ, ತಮಗೂ ಇರುತ್ತಿರಲಿಲ್ಲ.

ಮುತ್ತಜ್ಜ ಮುರ್ಗಾನ್ ಕೈರೋದ ಗಮಾಲಿಯ್ಯಾ ಓಣಿಗಳಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು. ಹುಟ್ಟಿದ್ದು ಅಲ್ಲಿಯೇ, ಖೇದಿವ್ ದೊರೆಗಳ ಕಾಲದಲ್ಲಿ, ಒಬ್ಬ ರೇಷ್ಮೆ ವ್ಯಾಪಾರಿಯ ಮನೆಯಲ್ಲಿ. ಅವನ ತಾಯಿ ಆ ಮನೆಯ ಗುಲಾಮಳು. ದಕ್ಷಿಣದಿಂದ ಮರಳುಗಾಡಿನ ದಾರಿಯಲ್ಲಿ ನಡೆಸಿಕೊಂಡು ತಂದು ಮಾರಿದ ಹುಡುಗಿ. ಮಗ ಹಾಲು ಬಿಡುವ ಮೊದಲೇ ತೀರಿಕೊಂಡಳು. ಅವಳ ಮಾತು ಬಂದಾಗ ಮನೆಯವರು 'ಆ ಕಪ್ಪು ಹೆಣ್ಣು' ಎನ್ನುತ್ತಿದ್ದರಂತೆ, ಮಗನ ಎದುರಿಗೇ. ಅವಳನ್ನು ಹೆಸರು ಹಿಡಿದು ಬರೆದುಕೊಂಡವರು ಸರ್ಕಾರದ ಗಣತಿಯವರು ಮಾತ್ರ. ಯಜಮಾನ, ಹೆಂಡತಿಯರು, ಮಕ್ಕಳು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಅವಳನ್ನೂ ಬರೆದರು. ಆ ಉಪಕಾರಕ್ಕೆ ನಾನು ಕೃತಜ್ಞಳು. ಬರೆದದ್ದನ್ನು ಓದಲು ಬಿಟ್ಟಿದ್ದರೆ ಇನ್ನೂ ಕೃತಜ್ಞಳಾಗಿರುತ್ತಿದ್ದೆ.

ನಮ್ಮ ಪದ್ಧತಿ ತಮಗೆ ಗೊತ್ತಿರುವುದೇ, ಆದರೂ ಕಚೇರಿಯಲ್ಲಿ ಕೂತವರಿಗೆ ಮರೆತುಹೋಗುವುದುಂಟು. ಮಣ್ಣು ಮುಚ್ಚಿದ ಮೇಲೆ ಶೇಖ್ ಕಬರಿನ ಬಳಿ ಕೂತು ಸತ್ತವರನ್ನು ಕರೆಯುತ್ತಾರೆ. ದೇವದೂತರು ಪ್ರಶ್ನೆ ಕೇಳಲು ಬರುತ್ತಾರೆ, ಏಳು, ಹೀಗೆ ಉತ್ತರ ಹೇಳು ಎಂದು ಕಲಿಸಿಕೊಡುತ್ತಾರೆ. ಕರೆಯುವುದು ತಾಯಿಯ ಹೆಸರಿನಿಂದ. ಭೂಮಿಯ ಮೇಲೆ ಅಪ್ಪಂದಿರ ಹೆಸರು ನಡೆದೀತು, ಮಣ್ಣಿನ ಕೆಳಗೆ ತಾಯಿಯದೇ ನಡೆಯುವುದು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ಮುತ್ತಜ್ಜ ತೀರಿಕೊಂಡ. ನನ್ನ ಸೋದರತ್ತೆ ತಫೀದಾ ಆಗ ಚಿಕ್ಕ ಹುಡುಗಿ, ಹೆಂಗಸರ ಗುಂಪಿನಲ್ಲಿ ನಿಂತಿದ್ದಳು. 'ಹವ್ವಾಳ ಮಗನೇ, ಮುರ್ಗಾನನೇ' ಎಂದು ಶೇಖ್ ಕರೆದದ್ದು ಅವಳ ಕಿವಿಗೆ ಬಿತ್ತು. ಮನೆಗೆ ಓಡಿಬಂದು ಅಜ್ಜನ ತಾಯಿಯ ಹೆಸರು ಸಿಕ್ಕಿತು ಎಂದು ಎಲ್ಲರಿಗೂ ಹೇಳಿದಳು. ಮನೆ ತುಂಬ ಸಂತೋಷ. ಆಮೇಲೆ ನಮ್ಮಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಹವ್ವಾ ಎಂದು ಹೆಸರಿಡತೊಡಗಿದರು. ನನಗೂ ಅದನ್ನೇ ಇಟ್ಟರು. ಹಬ್ಬದ ಬೆಳಿಗ್ಗೆ ಕಬರಸ್ಥಾನದಲ್ಲಿ ರೊಟ್ಟಿ, ಖರ್ಜೂರ ಹಂಚುವಾಗ ಅತ್ತೆ ಯಾವತ್ತೂ ಮೊದಲ ರೊಟ್ಟಿ ಹವ್ವಾಳ ಹೆಸರಿನಲ್ಲೇ ಕೊಡುತ್ತಿದ್ದಳು.

ಹೋದ ವರ್ಷ ನಮ್ಮ ಓಣಿಯಲ್ಲಿ ಒಬ್ಬ ಚಿಂದಿ ಆಯುವವನು ಸತ್ತ. ಮಸೀದಿಯ ಮೆಟ್ಟಿಲಿನಲ್ಲಿ ಸಿಕ್ಕ ಕೂಸು ಅವನು, ಹಿಂದುಮುಂದು ಯಾರೂ ಇರಲಿಲ್ಲ. ಅತ್ತೆ ನನ್ನ ತೋಳು ಹಿಡಿದುಕೊಂಡು ಮಣ್ಣಿಗೆ ಬಂದಿದ್ದಳು. ಶೇಖ್ ಬಯೂಮಿ ಕರೆದರು, 'ಹವ್ವಾಳ ಮಗನೇ' ಎಂದು.

"ಇವನ ತಾಯೀನೂ ಹವ್ವಾನಾ?" ಎಂದಳು ಅತ್ತೆ.

"ತಾಯಿ ಹೆಸರು ಗೊತ್ತಿಲ್ದೋರನ್ನೆಲ್ಲ ಹಾಗೇ ಕರೆಯೋದು, ಹಾಜ್ಜಾ," ಎಂದರು ಶೇಖ್. "ಎಲ್ರಿಗೂ ಮೊದಲ ತಾಯಿ ಅವಳೇ ಅಲ್ವಾ?"

ಅತ್ತೆ ನನ್ನ ತೋಳು ಎಳೆದು ಹೊರಟಳು. ಮನೆಗೆ ಬಂದವಳು ಊಟ ಮುಟ್ಟದೆ ಕೂತಳು. ತಟ್ಟೆ ಸರಿಸಿ ಹೇಳಿದಳು: "ಅಜ್ಜನ್ನ ಕರೆದೇ ಇಲ್ಲ ಕಣೇ. ಯಾರನ್ನೋ ಕರೀತಿದಾರೆ ಅಂತ ಅವನು ಮಲಗೇ ಇದಾನೆ."

ಅವತ್ತಿನಿಂದ ಅವಳಿಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಅಜ್ಜ ಬರುತ್ತಾನಂತೆ. ಬೈಯುವುದಿಲ್ಲ, ಅಳುವುದಿಲ್ಲ, ಕೈಯನ್ನು ಕಿವಿಗೆ ಆನಿಸಿಕೊಂಡು ಸುಮ್ಮನೆ ಮಲಗಿರುತ್ತಾನಂತೆ. ಅವಳ ಮಾತು ಕೇಳಿದ ಮೇಲೆ ನನಗೂ ಆ ಕಬರಿನ ಮುಂದೆ ನಿಲ್ಲಲು ಭಯವಾಗುತ್ತದೆ.

ಹೀಗಾಗಿ ತಮ್ಮ ಕಚೇರಿಗೆ ಬಂದೆ. ಓಣಿಯ ಹೆಸರು, ವ್ಯಾಪಾರಿಯ ಹೆಸರು ಕೊಟ್ಟೆ. ತಮ್ಮ ನೌಕರರೊಬ್ಬರು ಸಜ್ಜನರು, ದಪ್ಪ ಸಂಪುಟ ಹೊತ್ತು ತಂದು ಬಿಡಿಸಿದರು. ಅವರ ಬೆರಳು ಸಾಲುಗಳ ಮೇಲೆ ಇಳಿಯುತ್ತಾ ಬಂದು ಒಂದು ಕಡೆ ನಿಂತಿತು. ತುಟಿ ಅಲ್ಲಾಡಿತು. ಸಂಪುಟ ಮುಚ್ಚಿದರು.

"ಸಿಕ್ತಾ?"

"ಸಿಕ್ತು. ಆದ್ರೆ ಹೇಳೋ ಹಾಗಿಲ್ಲ ಅಮ್ಮ. ಅದು ವೈಯಕ್ತಿಕ ಮಾಹಿತಿ."

"ಯಾರದು?"

"ಆಕೇದು."

"ಆಕೆ ಸತ್ತು ನೂರೈವತ್ತು ವರ್ಷ ಆಗ್ತಾ ಬಂತಲ್ಲಪ್ಪ."

"ಹಾಗಾದ್ರೆ ಮನೆ ಯಜಮಾನನ ವಾರಸುದಾರರ ಒಪ್ಪಿಗೆ ತನ್ನಿ. ಆಕೆ ಅವರ ಲೆಕ್ಕದಲ್ಲಿದಾಳೆ. ಇಲ್ಲಾಂದ್ರೆ ನೀವು ಆಕೆ ವಂಶದೋರು ಅಂತ ಪುರಾವೆ ತನ್ನಿ."

"ಪುರಾವೆ ನಿಮ್ಮ ಕೈಯಲ್ಲೇ ಇದೆಯಲ್ಲ."

"ಅದನ್ನ ನೋಡೋಕೇ ಪುರಾವೆ ಬೇಕಾಗಿರೋದು."

ಮಾನ್ಯರೇ, ಆಕೆಯ ಖಾಸಗಿತನದ ಬಗ್ಗೆ ತಮಗಿರುವ ಕಾಳಜಿ ದೊಡ್ಡದು. ಆಕೆಯನ್ನು ಹಿಡಿದವರು ಒಪ್ಪಿಗೆ ಕೇಳಲಿಲ್ಲ. ಬಾಯಿ ತೆರೆಸಿ ಹಲ್ಲು ನೋಡಿ ಕೊಂಡವರು ಕೇಳಲಿಲ್ಲ. ಗಣತಿಯವರು ಕೇಳಲಿಲ್ಲ. ಕೊನೆಗೆ ಕೇಳಬೇಕೆಂದು ತೋಚಿದ್ದು ತಮ್ಮ ಇಲಾಖೆಗೆ ಮಾತ್ರ, ಅದೂ ಆಕೆಯ ಮಗನ ಮರಿಮೊಮ್ಮಗಳು ಬಂದು ನಿಂತಾಗ. ಆಕೆ ಸಿಗದಿದ್ದರೆ ಕೊಂಡವನ ಮೊಮ್ಮಕ್ಕಳನ್ನು ಕೇಳಬೇಕಂತೆ. ಗುಲಾಮಗಿರಿ ಈ ದೇಶದಲ್ಲಿ ಮುಗಿದಿದೆ ಎಂದು ಶಾಲೆಯಲ್ಲಿ ಓದಿದ್ದೆ. ತಮ್ಮ ಕಪಾಟಿನವರೆಗೆ ಆ ಸುದ್ದಿ ಬಂದಿಲ್ಲವೇ? ಶಿಫಾರಸು ಪತ್ರ ಹಿಡಿದು ಬಂದ ಪಂಡಿತರಿಗೆ ಅದೇ ಸಂಪುಟ ತೆರೆಯುತ್ತದೆ, ಅವರು ಗುಲಾಮರನ್ನು ಎಣಿಸಿಕೊಂಡು ಹೋಗುತ್ತಾರೆ. ಎಣಿಸಬಹುದು, ಹೆಸರು ಹಿಡಿದು ಕರೆಯಬಾರದು. ಇದು ಯಾವ ನ್ಯಾಯ?

ಅವತ್ತು ನಡೆದದ್ದನ್ನು ಅತ್ತೆಗೆ ಹೇಳಿದ್ದೇ ತಪ್ಪಾಯಿತು. "ಅವನ ತುಟಿ ಹೇಗೆ ಆಡ್ತು? ಮೊದಲು ಮುಚ್ತಾ, ತೆರೀತಾ?" ಎಂದು ಹಿಡಿದುಕೊಂಡಳು. ಮೊದಲು ಮುಚ್ಚಿದ ಹಾಗಿತ್ತು ಎಂದೆ. ಈಗ ದಿನಾ ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಾಳೆ. ಹಲ್ಲಿಲ್ಲದ ಬಾಯಲ್ಲಿ ಒಂದೊಂದೇ ಹೆಸರು ಆಡಿಸುತ್ತಾಳೆ. "ಮಬ್ರೂಕಾ. ನೋಡು, ಹೀಗಿತ್ತಾ? ಬಖೀತಾ. ಹೀಗಿತ್ತಾ?" ನಾನು ಅವಳ ತುಟಿಯನ್ನೇ ನೋಡುತ್ತಾ ಕೂರುತ್ತೇನೆ. ಹೌದು ಎಂದುಬಿಡಲೇ ಎಂದು ಎಷ್ಟೋ ಸಲ ಅನಿಸಿದೆ. ಆದರೆ ಒಂದು ಸಲ ತಪ್ಪು ಹೆಸರಿನಿಂದ ಕರೆದಾಗಿದೆ, ಇನ್ನೊಂದು ಸಲ ಕರೆಯುವ ಧೈರ್ಯ ನನಗಿಲ್ಲ. ವೈದ್ಯರು ಅತ್ತೆಗೆ ಮುಂದಿನ ಹಬ್ಬದವರೆಗೆ ಭರವಸೆ ಕೊಟ್ಟಿಲ್ಲ.

ಆ ದಫ್ತರಗಳನ್ನು ಜನರಿಗೆ ತೆರೆಯಿರಿ. ಅವುಗಳಲ್ಲಿರುವವರು ಎಲ್ಲರೂ ಸತ್ತಿದ್ದಾರೆ, ಹುಡುಕುವವರು ಇನ್ನೂ ಸಾಯುತ್ತಿದ್ದಾರೆ. ನಿಯಮ ಬದಲಿಸಲು ಸಮಿತಿ ಬೇಕು, ಸಮಿತಿಗೆ ವರ್ಷಗಳು ಬೇಕು ಎನ್ನುವುದಾದರೆ, ಅಷ್ಟರೊಳಗೆ ಒಂದು ಸಣ್ಣ ಕೆಲಸ ಮಾಡಿ. ನಮಗೆ ನಕಲು ಬೇಡ, ಮೊಹರು ಬೇಡ. ಆ ನೌಕರರನ್ನು ಒಂದು ಬೆಳಿಗ್ಗೆ ಬಾಬ್ ಅಲ್ ನಸ್ರ್ ಕಬರಸ್ಥಾನಕ್ಕೆ ಕಳಿಸಿಕೊಡಿ. ಅತ್ತೆಯನ್ನು ನಾನು ಕುರ್ಚಿಯಲ್ಲಿ ಕೂರಿಸಿಕೊಂಡು ತರುತ್ತೇನೆ. ಅವತ್ತು ತುಟಿಯಲ್ಲಿ ಆಡಿಸಿದ್ದನ್ನೇ ಅವರು ಇನ್ನೊಮ್ಮೆ ಆಡಿಸಲಿ, ಈ ಸಲ ದನಿ ಸೇರಿಸಿ. ಅತ್ತೆಗೆ ಕಿವಿ ಮಂದ, ಸ್ವಲ್ಪ ಗಟ್ಟಿಯಾಗಿಯೇ ಹೇಳಲಿ. ಕೆಳಗೆ ಮಲಗಿರುವವನಿಗೂ ಕೇಳಿಸಬೇಕು.

ಇಂತಿ,
ಹವ್ವಾ
(ಬೇರೆ ಹೆಸರು ಗೊತ್ತಾಗುವವರೆಗೆ)