ಟಕ್ ಟಕ್ ಅಂದರೆ ಓಡುವವರು

ಅಮ್ಮಾ,

ಜೈಲಿನಿಂದ ಪಿಯೋರಿಯಾ ಊರಿನ ನಮ್ಮ ಮನೆಗೆ ಬಂದ ಮೊದಲ ಭಾನುವಾರವೇ ನಿನ್ನ ಮಗ ಎಲ್ಲರ ಊಟ ಕೆಡಿಸಿದ. ಮಣ್ಣಿನಡಿ ಮಲಗಿರುವ ನೀನು ಎದ್ದು ಬಂದು ಬೈಯಲಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಲವೋನ್ ಅಕ್ಕ ಕೋಳಿ ಹುರಿದಿದ್ದಳು. ಅರ್ನೆಸ್ಟೀನ್ ಚಿಕ್ಕಮ್ಮ ಉದ್ದುದ್ದ ಪ್ರಾರ್ಥನೆ ಮಾಡಿ ಅದನ್ನು ತಣ್ಣಗಾಗಿಸಿದ್ದಳು. ನಾನು ಉಪ್ಪು ತರಲು ಏಳುತ್ತಾ ಮೇಜನ್ನು ಟಕ್ ಟಕ್ ಎಂದು ಬಡಿದೆ. ಜೈಲಿನಲ್ಲಿ ಹಾಗೆ ಬಡಿಯದೆ ಊಟದಿಂದ ಎದ್ದರೆ ಜೊತೆಗೆ ಕೂತವರಿಗೆ ಅವಮಾನ. ದರೋಡೆಗೆ ಹೋದ ಗೆಳೆಯರ ಕಾರು ಓಡಿಸಿ ಹತ್ತೊಂಬತ್ತನೇ ವಯಸ್ಸಿಗೇ ಒಳಹೋದವನು ನಾನು. ಬಲ್ಲ ಮರ್ಯಾದೆಯೆಲ್ಲ ಅಲ್ಲಿ ಕಲಿತದ್ದೇ.

“ಯಾರೋ ಬಂದ್ರು,” ಎಂದು ಅಕ್ಕ ಬಾಗಿಲಿಗೆ ಓಡಿದಳು. ಯಾರೂ ಇಲ್ಲ. ನೀರಿಗೆಂದು ಎದ್ದಾಗ ಮತ್ತೆ ಬಡಿದೆ. ಚಿಕ್ಕಮ್ಮ ಊರುಗೋಲು ಎತ್ತಿಕೊಂಡಳು. “ಮನೆಮನೆ ಬಾಗ್ಲು ಬಡಿಯೋ ಆ ಮತಪ್ರಚಾರದವ್ರೇ ಇರ್ಬೇಕು. ಇವತ್ತು ಬಿಡಲ್ಲ!”

ಅಷ್ಟರಲ್ಲಿ ಅಕ್ಕ ನನ್ನ ಕೈ ನೋಡಿದಳು. “ಅಯ್ಯೋ ಪುಣ್ಯಾತ್ಮ, ನೀನೇನೋ!”

ನಕ್ಕು ನಕ್ಕು ಚಿಕ್ಕಮ್ಮನ ಹಲ್ಲುಸೆಟ್ಟು ತಟ್ಟೆಗೆ ಬಿತ್ತು.

ನನ್ನ ಕೈ ನೋಡಿಕೊಂಡಾಗ ಕೋರ್ಟಿನ ದಿನ ನೆನಪಾಯಿತಮ್ಮಾ. “ಇಪ್ಪತ್ತೈದು ವರ್ಷ ಕಡ್ಡಾಯ, ಕಾನೂನು ನನ್ನ ಕೈ ಕಟ್ಟಿದೆ,” ಎಂದಿದ್ದರಲ್ಲ ನನಗೆ ಶಿಕ್ಷೆ ಕೊಟ್ಟ ನ್ಯಾಯಾಧೀಶರು? ಕೋಳ ಮಾತ್ರ ನನ್ನ ಕೈಗೆ ಬಿತ್ತು.

ಚಿಕ್ಕಮ್ಮ ಕಣ್ಣೊರೆಸಿಕೊಂಡಳು. “ನಿಮ್ಮಮ್ಮನೂ ಹಿಂಗೇ ಕಣೋ ಟವಾರಿಸ್. ಪಕ್ಕದ ಮನೆ ಬಾಗ್ಲು ಬಡಿದ್ರೂ ಓಡೋಳು, ನೀನೇ ಬಂದೆ ಅಂತ. ಅವ್ನು ಬರೋಕೆ ಇನ್ನೂ ಎಷ್ಟೋ ವರ್ಷ ಇದೆ ಕಣೇ ಅಂತ ನಾನಂದ್ರೆ, ‘ಕಾನೂನೂ ಮನುಷ್ಯರೇ ಮಾಡಿದ್ದಲ್ವಾ, ಮನಸ್ಸು ಬದಲಾಯಿಸ್ಬಹುದು’ ಅನ್ನೋಳು.”

ಎಲ್ಲರೂ ಎದ್ದು ಹೋದ ಮೇಲೆ ನಿನ್ನ ಕುರ್ಚಿಯ ಮುಂದೆ ನಿಂತು ಮೇಜನ್ನು ಇನ್ನೊಮ್ಮೆ ಬಡಿದೆ, ಜೋರಾಗಿಯೇ.

ಬಾಗಿಲಿಗೆ ಯಾರೂ ಓಡಲಿಲ್ಲ.