ಫ್ರಾಕಿನ ಅಂಚಿನ ಮಡಿಕೆ

ಕೆಳಮನೆಯ ಟೈಲರ್ ಅಕ್ಕನಿಗೆ,

ಎದುರು ನಿಂತು ಹೇಳಲು ಬಾಯಿ ಬರಲಿಲ್ಲ. ದತ್ತಿನ ಕಾಗದ ಕೈಸೇರುವ ಮೊದಲೇ ಹೆತ್ತವಳು ಮಗುವನ್ನು ವಾಪಸು ಕೇಳಿದಳು. ಇವತ್ತು ಬೆಳಿಗ್ಗೆ ಪುಟ್ಟಿಯನ್ನು ಕರೆದುಕೊಂಡು ಹೋದರು.

ಎರಡು ವರ್ಷದ ಹಿಂದೆ ನೆಂಟರೆಲ್ಲ "ಯಾರ ಮಗುವೋ ಏನೋ" ಎಂದು ಮೂಗು ಮುರಿದಾಗ, ಟೇಪು ಹಿಡಿದು ಮೆಟ್ಟಿಲು ಹತ್ತಿ ಬಂದವರು ನೀವೊಬ್ಬರೇ. ಫ್ರಾಕಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಚಿ ಹೊಲಿದು, "ಬೆಳೆಯೋ ಮಗು ಕಣೇ, ಗಿಡ್ಡ ಆದಾಗ ಬಿಚ್ಚು" ಎಂದಿರಿ. ಬಿಚ್ಚಿದಾಗಲೆಲ್ಲ ನಿಮ್ಮನ್ನು ನೆನೆದಿದ್ದೇನೆ.

ನಿಮ್ಮ ಮಿಷನ್ ಮೇಲಿರುವ ಹಳದಿ ಫ್ರಾಕನ್ನು ಮುಗಿಸಿ, ಈ ಕಾಗದದ ಹಿಂಬದಿಯಲ್ಲಿರುವ ಅವರ ವಿಳಾಸಕ್ಕೆ ಕಳಿಸಿ. ಮಡಿಕೆ ಎಂದಿನಷ್ಟೇ ಇರಲಿ. ಅದನ್ನು ಬ್ಲೇಡಿನಲ್ಲಿ ಕೊಯ್ಯಬಾರದು, ಸೂಜಿಯಲ್ಲೇ ಬಿಚ್ಚಬೇಕೆಂದು ಚೀಟಿ ಇಡಿ. ನೀವೇ ಬರೆಯಿರಿ ಅಕ್ಕ. ನನ್ನ ಅಕ್ಷರ ಆ ಮನೆಗೆ ಹೋಗಬಾರದಂತೆ.

ನಿಮ್ಮ
ಮೇಲಿನ ಮನೆಯವಳು