ಎತ್ತದೆ ಬಿಟ್ಟ ಎಲೆ

ಇರಕಲ್ಲಗಡ
ಜುಲೈ ೨೦೦೨, ಮಂಗಳವಾರ

ಪ್ರೀತಿಯ ಮಹೇಶ್ವರಿಗೆ,

ಮೊದಲು ‘ಮಾನ್ಯ ಶಾಸಕಿಯವರಿಗೆ’ ಎಂದು ಬರೆದೆ. ಓದಿ ನೋಡಿದರೆ ಬೋರ್‌ವೆಲ್ ಕೇಳುವ ಅರ್ಜಿಯ ಹಾಗೆ ಕಂಡಿತು, ಹರಿದು ಹಾಕಿದೆ. ಆಮೇಲೆ ‘ಚಿರಂಜೀವಿ ಸೌಭಾಗ್ಯವತಿ’ ಎಂದೆ. ಅದು ನನ್ನಪ್ಪ ಬೀಗರಿಗೆ ಬರೆಯುತ್ತಿದ್ದ ಕಾಗದದ ಹಾಗಾಯಿತು. ಕೊನೆಗೆ ಬರೀ ಹೆಸರೇ ಸಾಕು ಅನ್ನಿಸಿತು. ಇಪ್ಪತ್ತೆರಡು ವರ್ಷ ಕೂಗಿದ ಹೆಸರು, ನಾಲ್ಕು ತಿಂಗಳು ಕೂಗದಿದ್ದರೆ ಮರೆಯುವುದಿಲ್ಲ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎಸ್‌ಟಿಡಿ ಬೂತಿನ ನಸೀಮಾಬಿ ನನ್ನ ಮುಖ ಕಂಡ ಕೂಡಲೇ ನಗುತ್ತಾಳೆ. “ಅಣ್ಣಾ, ಗಂಟಿ ಬಾರಸೂದು ಪುಕ್ಕಟ ಐತಿ ಅಂತ ದಿನಾ ಬಂದು ಬಾರಿಸಿ ಹೋಗ್ತಿಯೇನು?” ಎಂದು ಮೊನ್ನೆ ಕೇಳಿದಳು. ಅದಕ್ಕೇ ಕಾಗದಕ್ಕೆ ಬಂದೆ. ಕಾಗದಕ್ಕೆ ಒಂದು ಅನುಕೂಲವಿದೆ. ನಡುವೆ ಎದ್ದು ಹೋಗುವವರು ಯಾರೂ ಇರುವುದಿಲ್ಲ.

ಮನೆಯ ಸುದ್ದಿ ಛಲೋ ಇದೆ. ಕುರಿಗಳು ಗುಡ್ಡದ ಕೆಳಗಿನ ಗೋಮಾಳದಲ್ಲಿ ಮೇಯುತ್ತಿವೆ. ಈ ಸಲ ಮುಂಗಾರು ಹದವಾಗಿ ಬಿದ್ದು ಹುಲ್ಲು ಮೊಣಕಾಲು ಮುಟ್ಟಿದೆ. ಅವ್ವ ಮಾತ್ರ ನಿನ್ನ ಪಕ್ಷ. ನಿನ್ನೆ ತಾಟಿನಲ್ಲಿ ರೊಟ್ಟಿ ಹಾಕುವಾಗ, “ಆಕಿ ಸರಕಾರಕ್ಕ ಶಾಸಕಿ. ನನಗ ಸೊಸಿ. ಸೊಸಿನ್ನ ಸಿಟ್ಟು ಮಾಡಿಸಿ ಕಳಿಸಿದಾವಗ ನಾ ಯಾಕ ರೊಟ್ಟಿ ಬಡೀಬೇಕೋ?” ಎಂದಳು. ಬಡಿದಳು, ಆದರೆ ಹಾಗೆ ಅಂದಳು. ನಿನ್ನತ್ತೆ ಮಾರೆವ್ವನ ಬಾಯಿ ನಿನಗೆ ಗೊತ್ತೇ ಇದೆ.

ನೀನು ಗೆದ್ದು ಹೋದಾಗಿನಿಂದ ನನಗೂ ಒಂದು ಉದ್ಯೋಗ ಸಿಕ್ಕಿದೆ, ಅದು ನಿನಗೆ ತಿಳಿದಿರಲಿಕ್ಕಿಲ್ಲ. ಊರ ಅಗಸಿ ಬಾಗಿಲ ಕಟ್ಟೆಯ ಮೇಲೆ ಕುಳಿತು ನಿನ್ನ ಪರವಾಗಿ ಉತ್ತರ ಕೊಡುವುದು. ನೀನು ಅಲ್ಲಿ ಒಂದು ಮಸೂದೆಗೆ ಹೌದು ಅಂದರೆ ಇಲ್ಲಿ ಅದರ ಅರ್ಥ ನಾನು ಬಿಡಿಸಬೇಕು. ಯಲಬುರ್ಗಾ ಕಡೆಯ ಕೆರೆಗಳಿಗೆ ನೀರು ತುಂಬಿಸಿ ಎಂದು ನೀನು ಮಾತಾಡಿದ್ದು ಪೇಪರಿನಲ್ಲಿ ಬಂದ ದಿನ ನಾನು ಕಟ್ಟೆಯ ನಡುವೆ ಕುಳಿತೆ. ಹುಣ್ಣಿಮೆಗೆ ಹುಲಿಗಿಯ ಅಮ್ಮನ ಗುಡಿಗೆ ಹೆಚ್ಚಿನ ಬಸ್ಸು ಬಿಡಬೇಕೆಂದು ನೀನು ಪ್ರಶ್ನೆ ಕೇಳಿದ ದಿನ ಚಹಾ ನನಗೆ ಬೇರೆಯವರು ಕುಡಿಸಿದರು. ಕರೆಂಟಿನ ದರ ಏರಿಸುವ ಮಾತಿಗೆ ನೀನು ನಿನ್ನ ಪಕ್ಷದ ಜೊತೆ ಹೋದ ದಿನ ಮಾತ್ರ ಮೂಲೆಯಲ್ಲಿ ಜಾಗ ಸಿಕ್ಕಿತು. “ಏನೋ ಪಂಪಣ್ಣಾ, ಇವತ್ತು ಶಾಸಕರ ಯಜಮಾನ್ರು ಕಂಬಕ್ಕ ಆತು ಕುಂತಾರಲ್ಲ?” ಎಂದು ಪಕ್ಕೀರಪ್ಪಜ್ಜ ಕೆಣಕಿದ. ಊರು ಕೂಡಿ ತೀರ್ಮಾನ ಮಾಡುವ ನಮ್ಮ ದೈವಕ್ಕೆ ಅವನೇ ಹಿರಿಯ, ಅವನಿಗೆ ಆ ಹಕ್ಕಿದೆ. ನಾನು ಬಿಡಲಿಲ್ಲ. “ರೈತರ ಪಂಪಸೆಟ್ಟಿಗೆ ಏರಿಸಬ್ಯಾಡ್ರಿ ಅಂತ ಆಕಿ ಮೊದಲ ಹೇಳಿದ್ಲೋ ಅಜ್ಜಾ, ಅದನ್ನ ಓದಾಕ ನಿನಗ ಚಾಳೀಸು ಬೇಕು” ಎಂದೆ. ಎಲ್ಲರೂ ನಕ್ಕರು. ನಿನ್ನ ಒಂದೊಂದು ನಿಲುವೂ ನನಗೆ ಬಾಯಿಪಾಠ. ಒಂದನ್ನು ಬಿಟ್ಟು.

ಆ ಒಂದಕ್ಕೇ ಈ ಕಾಗದ.

ಮಾರ್ಚಿನಲ್ಲಿ ಗೋಮಾಳದ ಮಸೂದೆ ಬಂತಲ್ಲ, ಊರನ್ನು ಕೇಳದೆಯೇ ಗೋಮಾಳವನ್ನು ಕಾರ್ಖಾನೆಗಳಿಗೆ ಕೊಡಬಹುದು ಎನ್ನುವುದು. ‘ಸರ್ವಾನುಮತದಿಂದ ಅಂಗೀಕಾರ’ ಎಂದು ಪೇಪರು ಬರೆಯಿತು. ಸರ್ವ ಅಂದರೆ ಅದರಲ್ಲಿ ನೀನೂ ಬಂದೆ. ನಮ್ಮ ಗೋಮಾಳಕ್ಕೆ ಕಬ್ಬಿಣದ ಕಾರ್ಖಾನೆಯವರು ಆಗಲೇ ಬಂದು ನೋಡಿ ಹೋಗಿದ್ದರು. ನೀನು ಬಸ್ಸಿಳಿದು ಬಂದಾಗ ಕಟ್ಟೆಯ ತುಂಬ ಜನ. ಅಷ್ಟು ಮಂದಿಯ ಮುಂದೆ ನಾನೇ ಕೇಳಿದೆ: “ಅವತ್ತು ನಿನ್ನ ಬಾಯಿ ಎಲ್ಲಿಟ್ಟಿದ್ದಿ?” ನೀನು ನನ್ನ ಮುಖವನ್ನೇ ನೋಡಿ, “ನಾ ಎಲಿ ಎತ್ತಿಲ್ಲ” ಎಂದೆ.

ಕಟ್ಟೆ ಹೋ ಎಂದು ನಕ್ಕಿತು. ಯಾರೋ, “ವಿಧಾನಸೌಧದಾಗ ಎಲಿ ಅಡಿಕಿ ಇಡ್ತಾರೇನಬೇ ತಂಗಿ?” ಎಂದರು. ನಾನೂ ನಕ್ಕೆ. ಆ ಸಂಜೆ ನೀನು ಮನೆಗೆ ಬಂದು ಅವ್ವನ ಕಾಲು ಮುಟ್ಟಿ, ನೀರು ಸಹ ಕುಡಿಯದೆ ಕೊಪ್ಪಳದ ಬಸ್ಸು ಹತ್ತಿದೆ.

ಈಗ ಕುಷ್ಟಗಿಯಲ್ಲಿ ಏನಾಯಿತೆಂದು ಕೇಳು. ಇದು ನಿನಗೆ ನಗು ತರಿಸುತ್ತದೆ. ತರಿಸಲಿ ಎಂದೇ ಬರೆಯುತ್ತಿದ್ದೇನೆ.

ಹೋದ ವಾರ ಅಲ್ಲಿ ನಮ್ಮ ಕುರಿ ಸಾಕುವವರ ಸಂಘದ ಸಭೆ. ನಮ್ಮೂರಿನ ಉಣ್ಣೆಯ ಗೋದಾಮನ್ನು ಮುಚ್ಚಿ ಕುಷ್ಟಗಿಗೆ ಸೇರಿಸಬೇಕು ಎನ್ನುವುದು ವಿಷಯ. ಅಧಿಕಾರಿ ಎದ್ದು ಹೇಳಿದ. ನಾನು ಟವಲ್ಲು ಹೆಗಲಿಗೆ ಹಾಕಿಕೊಂಡು, ಕೈ ಕಟ್ಟಿಕೊಂಡು, ಗೋಡೆ ನೋಡುತ್ತ ಕುಳಿತೆ. ಅಂದರೆ ಏನು? ನಿನಗೂ ನನಗೂ ಗೊತ್ತಿರುವಂತೆ, ಬೇಡ ಎಂದು. ನಮ್ಮ ದೈವದಲ್ಲಿ ಎಲೆ ಅಡಿಕೆಯ ಹರಿವಾಣ ಎಲ್ಲರ ಮುಂದೆ ಹಾದು ಹೋಗುತ್ತದೆ. ಒಪ್ಪಿದವನು ತನ್ನ ಎಲೆ ಎತ್ತಿಕೊಳ್ಳುತ್ತಾನೆ. ಒಪ್ಪದವನು ಸುಮ್ಮನೆ ಕೂರುತ್ತಾನೆ. ಹಿರಿಯರ ಮುಖದ ಮೇಲೆ ಬೇಡ ಎನ್ನುವುದು ಒರಟುತನ. ಹರಿವಾಣದಲ್ಲಿ ಒಂದು ಎಲೆ ಉಳಿದರೂ ತೀರ್ಮಾನ ಆಗಲಿಲ್ಲ, ಮಾತು ಮತ್ತೆ ಮೊದಲಿನಿಂದ. ಮಕ್ಕಳ ಸಾಲಿಯ ಪಕ್ಕದಲ್ಲಿ ಸಾರಾಯಿ ಅಂಗಡಿ ಬೇಡವೆಂದು ನೀನು ಒಂದು ಮಾತೂ ಆಡದೆ ಅದನ್ನು ನಿಲ್ಲಿಸಿದ್ದು ಹಾಗೆಯೇ ಅಲ್ಲವೇ? ದೈವದಲ್ಲಿ ಕುಳಿತ ಮೊದಲ ಹೆಂಗಸು ನೀನು. ಹರಿವಾಣದಲ್ಲಿ ನಿನ್ನದೊಂದೇ ಎಲೆ ಬಿದ್ದಿತ್ತು, ಗಂಡಸರೆಲ್ಲ ಅದನ್ನೇ ನೋಡುತ್ತ ಕುಳಿತಿದ್ದರು. ಆ ಎಲೆಯೇ ನಿನ್ನನ್ನು ಪಂಚಾಯ್ತಿಗೆ, ಆಮೇಲೆ ವಿಧಾನಸಭೆಗೆ ಕಳಿಸಿತು.

ನಾನೂ ಕುಷ್ಟಗಿಯಲ್ಲಿ ಅಷ್ಟೇ ಜೋರಾಗಿ ಸುಮ್ಮನೆ ಕುಳಿತಿದ್ದೆ. ಅಧಿಕಾರಿ ಆ ಕಡೆ ಈ ಕಡೆ ನೋಡಿ, “ಸರ್ವಾನುಮತ” ಎಂದು ಬರೆದುಕೊಂಡ. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು, “ಸಾಹೇಬ್ರ, ನಾ ಒಪ್ಪಿಲ್ಲಲ್ರೀ” ಎಂದೆ.

“ನೀವು ಏನೂ ಅನ್ನಲಿಲ್ಲಲ್ರೀ ಯಜಮಾನ್ರ?”

“ಏನೂ ಅನ್ನಲಿಲ್ಲ ಅಂದ್ರ ಒಪ್ಪಿಲ್ಲ ಅಂತ ಅಲ್ಲೇನ್ರೀ!”

ಇಡೀ ಸಭೆ ನಕ್ಕಿತು. ಅಧಿಕಾರಿಯೂ ನಕ್ಕು, “ಸುಮ್ಮ ಕುಂತವ್ರನ್ನ ನಾವು ಹೌದು ಅಂದವ್ರ ಕೂಡ ಸೇರಿಸಿಬಿಡ್ತೀವ್ರಿ” ಎಂದ. ಪಾಪ, ಅವನು ಒಳ್ಳೆಯವನೇ. ಅವನ ಊರಿನ ಪದ್ಧತಿ ಅದು.

ಆ ನಗು ಎಲ್ಲೋ ಕೇಳಿದ ನಗು ಅನ್ನಿಸಿತು. ಬಸ್ಸು ಹತ್ತಿ ಕುಳಿತ ಮೇಲೆ ಹೊಳೆಯಿತು. ನಮ್ಮ ಕಟ್ಟೆಯ ನಗು. ‘ನಾ ಎಲಿ ಎತ್ತಿಲ್ಲ’ ಎಂದು ನೀನು ಹೇಳಿದ್ದು ನೆಪವಾಗಿರಲಿಲ್ಲ, ಉತ್ತರವಾಗಿತ್ತು. ಸದನದಲ್ಲಿ ಎಲ್ಲರೂ ಹೌದು ಎಂದು ಕೂಗುವಾಗ ನೀನು ನಮ್ಮೂರ ದೈವದಲ್ಲಿ ಕುಳಿತ ಹಾಗೆ ಕೈ ಕಟ್ಟಿ ಕುಳಿತಿದ್ದೆ. ಬೇಡ ಎಂದು ಹೇಳಿಯಾಯಿತು ಎಂದೇ ತಿಳಿದಿದ್ದೆ. ಅಲ್ಲಿ ಅದನ್ನು ಕೇಳುವ ಕಿವಿ ಒಂದೂ ಇರಲಿಲ್ಲ. ಇಲ್ಲಿ ಇರಬೇಕಾಗಿದ್ದ ಕಿವಿ ನನ್ನದು. ಅದೂ ಅವತ್ತು ಊರಲ್ಲಿರಲಿಲ್ಲ.

ಇದನ್ನೇ ಯೋಚಿಸುತ್ತ ಇರಕಲ್ಲಗಡದಲ್ಲಿ ಇಳಿಯುವುದನ್ನೇ ಮರೆತೆ. ಕಂಡಕ್ಟರ್ ಕೊಪ್ಪಳದಲ್ಲಿ ಎಬ್ಬಿಸಿ, “ನಿದ್ದಿ ಆತೇನ್ರೀ?” ಎಂದ. ನಿದ್ದೆ ಈಗ ಬಿಟ್ಟಿತಪ್ಪ ಎಂದೆ. ಹೇಗೂ ಬಂದಿದ್ದೇನೆ ಎಂದು ನಿನ್ನ ಗೆಳತಿ ವಕೀಲೆ ಶಹನಾಜಬೇಗಂ ಅವರ ಮನೆಗೆ ನಡೆದೆ. ನಾನು ಎಲ್ಲ ಹೇಳಿದ ಮೇಲೆ ಅವರು ಹಣೆ ಬಡಿದುಕೊಂಡರು. “ಯಾ ಅಲ್ಲಾ! ಅಲ್ಲಿ ಬಾಯಿಲೆ ಒದರಬೇಕೋ ಪಂಪಣ್ಣಾ. ಹೌದು ಅನ್ನವ್ರ ದನಿ ಜೋರಿದ್ರ ಹೌದು, ಇಲ್ಲ ಅನ್ನವ್ರದು ಜೋರಿದ್ರ ಇಲ್ಲ. ಸುಮ್ಮ ಕುಂತವ್ರು ಕುರ್ಚಿ ಇದ್ದಂಗ.” ಇದನ್ನು ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಆಕಿ ನನ್ನ ಕೇಳಿಲ್ಲ. ನೀ ಆಕಿನ್ನ ಕೇಳಿಲ್ಲ. ಕಟ್ಟಿ ಮ್ಯಾಲೆ ಕುಂತು ಬೈಯೂದು ಕೇಳೂದು ಅಲ್ಲ” ಎಂದರು. ಅವರ ಫೀಸು ಕೊಡುವ ಪ್ರಸಂಗ ಬರಲಿಲ್ಲ, ಬೈಗುಳ ಕೊಟ್ಟು ಚಹಾ ಕೊಟ್ಟರು.

ಅವರು ಹೇಳಿದ ಇನ್ನೊಂದು ಮಾತು ಮುಖ್ಯ. ವಿಧಾನ ಪರಿಷತ್ತು ಮಸೂದೆಯನ್ನು ಹಿಂದಕ್ಕೆ ಕಳಿಸಿದೆ, ಗೋಮಾಳ ಕೊಡುವ ಮೊದಲು ಊರ ಗ್ರಾಮಸಭೆಯ ಒಪ್ಪಿಗೆ ಕೇಳಬೇಕು ಎಂದು ತಿದ್ದಿ. ಸರ್ಕಾರ ಆ ತಿದ್ದುಪಡಿಯನ್ನು ತೆಗೆದುಹಾಕುವ ಪ್ರಸ್ತಾವ ತರುತ್ತದೆ, ಅದಕ್ಕೆ ‘ಇಲ್ಲ’ ಅಂದರೆ ಊರಿನ ಮಾತು ಉಳಿದ ಹಾಗೆ. ನಾಡಿದ್ದು ಗುರುವಾರ ಅದು ಮತ್ತೆ ನಿಮ್ಮ ಸದನದ ಮುಂದೆ ಬರುತ್ತದೆ. ಮತ್ತೆ ಕೂಗಿನ ಮೇಲೆ ಮುಗಿಸಲು ನೋಡುತ್ತಾರೆ. ಆದರೆ ಸದಸ್ಯರು ಎದ್ದು ಮತ ವಿಭಜನೆ ಬೇಕು ಎಂದು ಪಟ್ಟು ಹಿಡಿದರೆ, ಸಾಲು ಸಾಲಾಗಿ ಎದ್ದು ನಿಂತು ಎಣಿಸಿಕೊಳ್ಳಬೇಕಾಗುತ್ತದಂತೆ. ಯಾರು ಯಾವ ಕಡೆ ಎಂದು ಹೆಸರು ಸಮೇತ ಬರೆಯುತ್ತಾರಂತೆ. “ನಮ್ಮ ಕಡೆ ಶಾಸಕರು ಇನ್ನೂ ಕೆಲವ್ರು ಒಳಗೊಳಗ ಕುದಿಯಾಕತ್ಯಾರ. ಒಬ್ರು ಎದ್ರ ಏಳ್ತಾರ. ಆ ಒಬ್ರು ಬೇಕಾಗ್ಯಾರ” ಎಂದರು ಶಹನಾಜಬೇಗಂ.

ಪಕ್ಷ ವಿಪ್ ಕೊಟ್ಟಿದೆ ಎಂಬುದೂ ಗೊತ್ತು. ಅದನ್ನು ಮೀರಿದರೆ ನಿನ್ನ ಸ್ಥಾನ ಹೋಗಬಹುದು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಹಾಗಾಗಿ ನಿನ್ನನ್ನು ಕೇಳುವ ಮೊದಲು ಊರನ್ನು ಕೇಳಿದೆ.

ಕುಷ್ಟಗಿಯ ಕತೆಯನ್ನು ಕಟ್ಟೆಯ ಮೇಲೆ ಮೊದಲಿನಿಂದ ಹೇಳಿದೆ. ಅಧಿಕಾರಿ ‘ಸರ್ವಾನುಮತ’ ಎಂದಲ್ಲಿಗೆ ಬಂದಾಗ ಎಲ್ಲರೂ ನಕ್ಕರು. ನಗು ಇಳಿಯುವವರೆಗೆ ಕಾದು, “ಮಹೇಶ್ವರಿಗೂ ಹಿಂಗ ಆಗೇತಿ” ಎಂದೆ. ಪಕ್ಕೀರಪ್ಪಜ್ಜ ಗಡ್ಡ ಕೆರೆದುಕೊಂಡು, “ಎಲಿ ಎತ್ತಿಲ್ಲ ಅಂತ ಹುಡುಗಿ ಬಾಯಿಬಿಟ್ಟು ಹೇಳಿದ್ಲಲ್ಲೋ. ನಮ್ಮ ಮಾತು ನಮಗ ತಿಳೀಲಿಲ್ಲಲ್ಲೋ” ಎಂದ. ಮರುದಿನವೇ ದೈವ ಕೂಡಿತು. ಕೇಳಿದ ಮಾತು ಇಷ್ಟೇ: ಮಹೇಶ್ವರಿ ಗುರುವಾರ ಎದ್ದು ನಿಂತು, ಅದರಿಂದ ಸ್ಥಾನ ಹೋದರೆ ಊರು ಅವಳ ಹಿಂದೆ ನಿಲ್ಲುತ್ತದೆಯೋ?

ಹರಿವಾಣ ಹೊರಟಿತು. ನಾನು ನಿನ್ನ ಗಂಡ, ಮೊದಲು ಎತ್ತಬಾರದು ಎಂದು ಕೊನೆಯಲ್ಲಿ ಕುಳಿತಿದ್ದೆ. ನನ್ನ ಹತ್ತಿರ ಬಂದಾಗ ಅದರಲ್ಲಿ ಒಂದೇ ಎಲೆ ಇತ್ತು. ಅವ್ವ ತನ್ನ ಎಲೆಯನ್ನು ಆಗಲೇ ಕುಟ್ಟಿ ಬಾಯಿಗೆ ಹಾಕಿಕೊಂಡು, “ಎತ್ತೋ ಮೂಳಾ, ಎಲ್ಲಾರೂ ಕಾಯಾಕತ್ಯಾರ” ಎಂದು ದೈವದ ಮುಂದೆಯೇ ಗದರಿದಳು. ಎತ್ತಿದೆ. ಹರಿವಾಣ ಬರಿದಾಯಿತು.

ಆದ್ದರಿಂದ ಮಹೇಶ್ವರಿ, ಗುರುವಾರ ಕೈ ಕಟ್ಟಿ ಕೂರಬೇಡ. ಅದು ದೊಡ್ಡ ಮಾತೇ, ಆದರೆ ಅಲ್ಲಿಯವರಿಗೆ ಆ ಭಾಷೆ ಬರುವುದಿಲ್ಲ. ಎದ್ದು ನಿಲ್ಲು. ಗುಡ್ಡದ ಆಚೆ ಹೋದ ಕುರಿಯನ್ನು ಕರೆಯುವ ದನಿಯಲ್ಲಿ ಇಲ್ಲ ಎನ್ನು. ಆ ದನಿ ನಿನಗಿದೆ. ಮದುವೆಯಾದ ಹೊಸತರಲ್ಲಿ ಅದನ್ನು ಕೇಳಿ ನಮ್ಮ ನಾಯಿ ಸಹ ಹಟ್ಟಿ ಸೇರುತ್ತಿತ್ತು. ಎಣಿಸಿರಿ ಎಂದು ಕೇಳು. ಗೆದ್ದರೆ ಗೋಮಾಳ ಉಳಿಯಿತು. ಸೋತರೂ ಇರಕಲ್ಲಗಡದ ಹೆಸರು ‘ಇಲ್ಲ’ ಎಂದವರ ಕಡೆ ಇರುತ್ತದೆ, ಮುಂದಿನ ಜಗಳಕ್ಕೆ ಅಲ್ಲಿಂದ ಎದ್ದು ಹೊರಡಬಹುದು. ಸ್ಥಾನ ಹೋದರೆ ಹೋಗಲಿ. ಕಟ್ಟೆಯ ನಡುವಿನ ಜಾಗ ನಿನಗೆ ಬಿಟ್ಟು ನಾನು ಕಂಬಕ್ಕೆ ಆತು ಕೂರುತ್ತೇನೆ, ನನಗೆ ರೂಢಿಯಾಗಿದೆ.

ನೀನು ನಿಲ್ಲುತ್ತೀ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅನುಮಾನವಿದ್ದರೆ ಇಷ್ಟು ನಗುತ್ತ ಬರೆಯಲು ಆಗುತ್ತಿರಲಿಲ್ಲ. ಅವ್ವ ಸಜ್ಜೆ ರೊಟ್ಟಿ ಬಡಿಯುತ್ತಿದ್ದಾಳೆ, ಈ ಸಲ ಯಾರಿಗೆಂದು ಕೇಳುವ ಧೈರ್ಯ ನನಗಿಲ್ಲ.

ನಿನ್ನ ಕಡೆಯ ಲೆಕ್ಕಕ್ಕೆ ಸೇರಿದವನು,
ಪಂಪಣ್ಣ

ತಾ. ಕ.: ಲಕೋಟೆಯ ಮೇಲೆ ಸ್ಟ್ಯಾಂಪಿಲ್ಲದ್ದನ್ನು ನೋಡಿದೆಯಾ? ಮೇಲಿನದನ್ನೆಲ್ಲ ಊರಲ್ಲಿ ಬರೆದೆ. ಇದನ್ನು ಬುಧವಾರ ಬೆಳಗ್ಗೆ ಬೆಂಗಳೂರಿನಲ್ಲಿ, ನಿನ್ನ ಶಾಸಕರ ಭವನದ ಗೇಟಿನ ಹತ್ತಿರ ಕಲ್ಲಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಶಾಸಕಿಯ ಗಂಡ ಎಂದರೆ ಕಾವಲುಗಾರ ನಂಬುವುದಿಲ್ಲ. “ಒಂದು ಚೀಟಿ ಬರ್ಕೊಡಿ, ಒಳಗೆ ಕಳಿಸ್ತೀನಿ” ಎಂದ. ಇಷ್ಟು ಉದ್ದದ ಚೀಟಿಯನ್ನು ಅವನು ಹಿಂದೆ ಕಂಡಿರಲಿಕ್ಕಿಲ್ಲ. ಇದರ ಜೊತೆ ಅವ್ವನ ರೊಟ್ಟಿಯ ಗಂಟೂ ಬರುತ್ತದೆ. ಅದರ ಮೇಲೆ ಒಂದು ಎಲೆ ಇಟ್ಟಿದ್ದೇನೆ. ನಾನು ಮೇಲೆ ಬರಬಹುದಾದರೆ ಎತ್ತಿಕೋ. ಎತ್ತದೆ ಸುಮ್ಮನೆ ಕೂತೆಯೋ, ಇವತ್ತೊಂದು ದಿನ ಮಾತ್ರ ನಾನು ನಮ್ಮೂರ ಪದ್ಧತಿ ಬಿಟ್ಟು ನಿಮ್ಮ ಸದನದ ಪದ್ಧತಿ ಹಿಡಿಯುತ್ತೇನೆ: ಸುಮ್ಮನಿದ್ದವರು ಒಪ್ಪಿದ ಹಾಗೆ. ಮೆಟ್ಟಿಲು ಯಾವ ಕಡೆ ಎಂದು ಕಾವಲುಗಾರನನ್ನು ಆಗಲೇ ಕೇಳಿಟ್ಟುಕೊಂಡಿದ್ದೇನೆ.